ಅರ್ಧ ಗಂಟೆಯ ಚಿತ್ರಕ್ಕೆ ಎಂಥ ನಕಲು ತರೋದು?

ನಮ್ಮನೆ ಹಾಲ್‌ನಲ್ಲಿ ಒಂದು ಚಿತ್ರ ಇದೆ. ಕೆಂಪು ಬಟ್ಟೆ, ಸುಣ್ಣ ಬಳಿದಂಥ ಬಿಳಿ ಮುಖ, ಕಾಡಿಗೆ ತೀಡಿದ ಕಣ್ಣು, ರಂಗು ಹಚ್ಚಿದ ತುಟಿ. ಹಿಂದೆ ಹಸಿರು ಬೆರೆತ ನೀಲಿ. ಕುಂದಾಪುರದಿಂದ ಬಂದ ಚಿಕ್ಕಮ್ಮ ಚಪ್ಪಲಿ ಬಿಡುತ್ತಲೇ ಅದನ್ನು ನೋಡಿ ಕೇಳಿದರು: "ಇದ್ ಯಾವ ಮೇಳದ ಸ್ತ್ರೀವೇಷ ಮಾರಾಯ?"

ಚಿಕ್ಕಮ್ಮನ ಊಹೆ ಅರ್ಧ ಸರಿ. ಚಿತ್ರದಲ್ಲಿರುವುದು ಹೆಂಗಸಲ್ಲ, ಬಣ್ಣ ಹಚ್ಚಿಕೊಂಡು ಕೂತ ಗಂಡಸು. ಅಲೆಕ್ಸಾಂಡರ್ ಸಖಾರೋಫ್ ಅಂತ ಹೆಸರು, ನೃತ್ಯಗಾರ. ಬರೆದವರು ಅಲೆಕ್ಸೈ ಯಾವ್ಲೆನ್‌ಸ್ಕಿ. ರಷ್ಯಾದ ಸೈನ್ಯದಲ್ಲಿ ಅಧಿಕಾರಿಯಾಗಿದ್ದವರು, ಅದನ್ನು ಬಿಟ್ಟು 1896ರಲ್ಲಿ ಮ್ಯೂನಿಕ್‌ಗೆ ಬಂದು ಚಿತ್ರಕಾರರಾದರು. ಈ ಚಿತ್ರ 1909ರದ್ದು. ಸಖಾರೋಫ್ ಒಂದು ದಿನ ಪ್ರದರ್ಶನಕ್ಕೆ ಮುಂಚೆ ವೇಷದಲ್ಲೇ ಯಾವ್ಲೆನ್‌ಸ್ಕಿ ಮನೆಗೆ ಬಂದರಂತೆ. ಅರ್ಧ ಗಂಟೆಯೂ ಹಿಡಿಯಲಿಲ್ಲ, ಚಿತ್ರ ಮುಗಿದಿತ್ತು. ಬಿಟ್ಟರೆ ಇವರು ಮತ್ತೆ ತಿದ್ದಿ ಕೆಡಿಸುತ್ತಾರೆ ಅಂತ ಸಖಾರೋಫ್ ಬಣ್ಣ ಹಸಿಯಾಗಿರುವಾಗಲೇ ಎತ್ತಿಕೊಂಡು ಹೋದರು ಅನ್ನೋದು ಈ ಚಿತ್ರದ ಜೊತೆಗೇ ಬರುವ ಕಥೆ. ಮೂಲ ಈಗ ಮ್ಯೂನಿಕ್‌ನ ಲೆನ್‌ಬಾಖ್‌ಹೌಸ್ ಮ್ಯೂಸಿಯಂನಲ್ಲಿದೆ.

ನಮ್ಮ ಗೋಡೆ ಮೇಲಿರುವುದು ಅದರ ನಕಲು, ಅದೂ ಮೂರನೆಯದು. ಮೊದಲೆರಡರಲ್ಲಿ ದುಡ್ಡು ಕಳೆದುಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಕ್ಸ್‌ಪ್ರೆಷನಿಸ್ಟ್ ಚಿತ್ರಗಳು, ಅಂದರೆ ಕನ್ನಡದಲ್ಲಿ ಅಭಿವ್ಯಕ್ತಿವಾದಿ ಅಂತ ಬರೆಯುತ್ತಾರಲ್ಲ, ಕಂಡದ್ದನ್ನು ಇದ್ದ ಹಾಗೆ ಬರೆಯದೆ ಮನಸ್ಸಿನ ಭಾವವನ್ನೇ ಬಣ್ಣ, ಗೆರೆಯಲ್ಲಿ ತೋರಿಸುವಂಥವು, ಅವನ್ನು ಮನೆಗೆ ತರಬೇಕು ಅನ್ನುವವರಿಗೆ ಉಪಯೋಗವಾಗಬಹುದು.

ಅಂಗಡಿಗೆ ಹೋಗುವ ಮುಂಚೆ

ಎಲ್ಲರೂ ಮೊದಲು ಕೇಳೋದು "ಪ್ರಿಂಟ್ ಒಳ್ಳೇದಾ, ಕೈಯಲ್ಲಿ ಪೇಂಟ್ ಮಾಡಿದ್ದು ಒಳ್ಳೇದಾ" ಅಂತ. ಅದಕ್ಕೂ ಮುಂಚೆ ಕೇಳಬೇಕಾದ್ದು ಬೇರೆ. ಮೂಲ ಚಿತ್ರ ಯಾವುದರ ಮೇಲಿದೆ, ಯಾವ ಬಣ್ಣದಲ್ಲಿದೆ, ಎಷ್ಟು ದೊಡ್ಡದಿದೆ? ಮ್ಯೂಸಿಯಂನ ಜಾಲತಾಣದಲ್ಲಿ ಚಿತ್ರದ ಕೆಳಗೇ ಇಷ್ಟೂ ಬರೆದಿರುತ್ತದೆ. ಎರಡು ನಿಮಿಷದ ಕೆಲಸ. ನಾನು ಮೊದಲ ಸಲ ಅದನ್ನೇ ಮಾಡಲಿಲ್ಲ.

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಬರೆದ 'ಚೀತ್ಕಾರ'ವನ್ನೇ ತೆಗೆದುಕೊಳ್ಳಿ. ಸೇತುವೆ ಮೇಲೆ ಕಿವಿ ಮುಚ್ಚಿಕೊಂಡು ನಿಂತ ಆಕೃತಿ, ಹಿಂದೆ ಕೆಂಪು ಆಕಾಶ. ಮೊಬೈಲ್‌ನ ಎಮೋಜಿಯಲ್ಲೂ ಆ ಮುಖ ಬಂದಿದೆ, ಅಷ್ಟು ಪ್ರಸಿದ್ಧ. ಓಸ್ಲೋದ ರಾಷ್ಟ್ರೀಯ ಮ್ಯೂಸಿಯಂನಲ್ಲಿರುವ 1893ರ ಚಿತ್ರ ಕ್ಯಾನ್ವಾಸ್ ಮೇಲಿಲ್ಲ. ರಟ್ಟಿನ ಮೇಲಿದೆ. ಎಣ್ಣೆ ಬಣ್ಣ, ಟೆಂಪೆರಾ (ಅಂಟಿನಲ್ಲಿ ಕಲೆಸಿದ ಬಣ್ಣ), ಪಾಸ್ಟೆಲ್ ಕಡ್ಡಿ (ಸೀಮೆಸುಣ್ಣದಂಥ ಬಣ್ಣದ ಕಡ್ಡಿ) ಎಲ್ಲವನ್ನೂ ಮುಂಕ್ ಒಟ್ಟಿಗೇ ಬಳಸಿದ್ದಾರೆ. ಬಣ್ಣ ತೆಳುವಾಗಿದೆ, ನಡುನಡುವೆ ರಟ್ಟಿನ ಕಂದು ಇಣುಕುತ್ತದೆ. ಮೇಲೆ ಎಡಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಒಂದು ಸಾಲು ಇದೆ, ಹುಚ್ಚ ಮಾತ್ರ ಇದನ್ನು ಬರೆದಿರಲು ಸಾಧ್ಯ ಅನ್ನುವ ಅರ್ಥದ್ದು. ಅದು ಮುಂಕ್ ಅವರದೇ ಕೈಬರಹ ಅಂತ 2021ರಲ್ಲಿ ಮ್ಯೂಸಿಯಂ ಹೇಳಿತು.

ಇದನ್ನು "ಶುದ್ಧ ಎಣ್ಣೆ ಬಣ್ಣ, ಶೇಕಡಾ ನೂರು ಕೈಕೆಲಸ" ಅಂತ ದಪ್ಪ ಕ್ಯಾನ್ವಾಸ್ ಮೇಲೆ ಮಾಡಿ ಮಾರುತ್ತಾರೆ. ಬಣ್ಣವನ್ನು ಬೆಣ್ಣೆ ಸವರಿದ ಹಾಗೆ ಸವರಿ, ಮೇಲೆ ಹೊಳೆಯುವ ವಾರ್ನಿಶ್ ಕೊಟ್ಟಿರುತ್ತಾರೆ. ಆಕಾಶ ಕೇಸರಿಬಾತ್ ಥರ ಕಾಣುತ್ತದೆ. ಕೈಕೆಲಸ ಹೌದು, ಆದರೆ ಮೂಲಕ್ಕೂ ಅದಕ್ಕೂ ಸಂಬಂಧ ಇಲ್ಲ. ಈ ಚಿತ್ರಕ್ಕೆ ಹೊಳಪಿಲ್ಲದ ದಪ್ಪ ಕಾಗದದ ಮೇಲೆ ಒಳ್ಳೆ ಪ್ರಿಂಟ್ ಹಾಕಿಸುವುದೇ ಸರಿ. ರಟ್ಟಿನ ಕಂದೂ ಬರುತ್ತದೆ, ಪಾಸ್ಟೆಲ್ ಗೀರೂ ಬರುತ್ತದೆ, ಪೆನ್ಸಿಲ್ ಸಾಲೂ ಬರುತ್ತದೆ. ಓಸ್ಲೋದವರು ಚಿತ್ರದ ದೊಡ್ಡ ಫೋಟೋವನ್ನು ತಮ್ಮ ಜಾಲತಾಣದಲ್ಲೇ ಇಟ್ಟಿದ್ದಾರೆ.

ಆಸ್ಟ್ರಿಯಾದ ಚಿತ್ರಕಾರ ಎಗಾನ್ ಶೀಲೆ ಅವರ ಆಕೃತಿಗಳಿಗೂ ಇದೇ ಮಾತು. ಅವರ ಎಷ್ಟೋ ಒಳ್ಳೆ ಕೆಲಸಗಳು ಕಾಗದದ ಮೇಲೆ ಸೀಸದಕಡ್ಡಿ, ಜಲವರ್ಣ, ದಟ್ಟ ಜಲವರ್ಣವಾದ ಗುವಾಶ್‌ನಲ್ಲಿವೆ. ಸುತ್ತ ಖಾಲಿ ಕಾಗದ. ಆ ಖಾಲಿಯನ್ನು ಕ್ಯಾನ್ವಾಸ್ ಮೇಲೆ ಬಿಳಿ ಎಣ್ಣೆ ಬಣ್ಣದಲ್ಲಿ ತುಂಬಿಸಿದರೆ ಏನು ಉಳಿಯಿತು?

ಇದು ಪರದೇಶದ ಚಿತ್ರಗಳ ಪಾಡು ಮಾತ್ರ ಅಲ್ಲ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದ ಹೆಂಗಸಿನ ಚಿತ್ರ ನೋಡಿರುತ್ತೀರಿ. ಕತ್ತಲು ಕೋಣೆ, ಬೆರಳ ಸಂದಿಯಲ್ಲಿ ಕೆಂಪು ಬೆಳಕು. ಅರ್ಧ ಜನ ಅದನ್ನು ರವಿವರ್ಮರದ್ದು ಅಂತಾರೆ, ಬರೆದವರು ಹಳದಣಕರ್. ಅದು ಜಲವರ್ಣ. ಆದರೆ ಮಾರಾಟಕ್ಕಿರುವ ಅದರ ನಕಲುಗಳನ್ನು ನೋಡಿ, ಎಣ್ಣೆ ಬಣ್ಣದವೇ ಜಾಸ್ತಿ. ಬೆಳಕು ಒಳಗಿಂದ ಬರುವುದಿಲ್ಲ, ಮೇಲೆ ಅಂಟಿಸಿದ ಹಾಗಿರುತ್ತದೆ.

ಇನ್ನು ಅಳತೆ. ಜರ್ಮನಿಯ ಚಿತ್ರಕಾರ ಕಿರ್ಷ್ನರ್ ಅವರ 'ರಸ್ತೆ, ಡ್ರೆಸ್ಡೆನ್' ನನಗೆ ತುಂಬಾ ಇಷ್ಟ. 1908ರದ್ದು, 1919ರಲ್ಲಿ ಮತ್ತೆ ಕೈ ಹಚ್ಚಿದ್ದಾರೆ. ಗುಲಾಬಿ ಬಣ್ಣದ ರಸ್ತೆ, ಟೋಪಿ ಹಾಕಿದ ಹೆಂಗಸರು ನಮ್ಮ ಮೈಮೇಲೇ ಬರುವ ಹಾಗೆ ನಡೆದು ಬರುತ್ತಿದ್ದಾರೆ. ನ್ಯೂಯಾರ್ಕ್‌ನ ಮೋಮಾ ಮ್ಯೂಸಿಯಂನಲ್ಲಿರುವ ಆ ಚಿತ್ರ ಒಂದೂವರೆ ಮೀಟರ್ ಎತ್ತರ, ಎರಡು ಮೀಟರ್ ಅಗಲ. ಎದುರಿಗೆ ನಿಂತರೆ ಆ ಜನ ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ. ಅದನ್ನು ಎರಡಡಿಗೆ ಇಳಿಸಿದರೆ ಬೊಂಬೆ ಹಬ್ಬದ ಸಾಲು. ನಮ್ಮ ಅಪಾರ್ಟ್‌ಮೆಂಟ್ ಗೋಡೆಗೆ ಅದು ಬೇಡ ಅಂತ ಮನಸ್ಸು ಕಲ್ಲು ಮಾಡಿಕೊಂಡೆ.

ಯಾವ್ಲೆನ್‌ಸ್ಕಿ ಅವರ ಸಖಾರೋಫ್ ಹಾಗಲ್ಲ. ಸುಮಾರು 70 ಸೆಂಟಿಮೀಟರ್ ಎತ್ತರ, 66 ಅಗಲ. ಎಣ್ಣೆ ಬಣ್ಣ, ರಟ್ಟಿನ ಮೇಲೆ. ಒಬ್ಬನೇ ಮನುಷ್ಯ, ದಪ್ಪ ಗೆರೆ, ದೊಡ್ಡ ದೊಡ್ಡ ಬಣ್ಣದ ಪಟ್ಟಿ. ಮನೆಯ ಗೋಡೆಗೆ ಮೂಲದ ಅಳತೆಯಲ್ಲೇ ಕೂರುತ್ತದೆ. ಕೈಯಲ್ಲಿ ಪೇಂಟ್ ಮಾಡಿಸಿದರೆ ಅರ್ಥ ಇರುವಂಥ ಚಿತ್ರ ಅಂದರೆ ಇದು.

ಮೊದಲನೆಯದು: ಆನ್‌ಲೈನ್‌ನಲ್ಲಿ ತರಿಸಿದ ಪೇಂಟಿಂಗ್

ಆನ್‌ಲೈನ್‌ನಲ್ಲಿ ಕ್ಯಾಟಲಾಗ್ ನೋಡಿ ಆರ್ಡರ್ ಮಾಡುವ ನಕಲುಗಳು ಬಹಳಷ್ಟು ಚೀನಾದಲ್ಲಿ ತಯಾರಾಗುತ್ತವೆ. ಶೆನ್‌ಜೆನ್ ಪಕ್ಕದ ದಾಫೆನ್ ಅನ್ನುವ ಹಳ್ಳಿ ಇದಕ್ಕೇ ಹೆಸರುವಾಸಿ. 1989ರಲ್ಲಿ ಹಾಂಗ್‌ಕಾಂಗ್‌ನ ವ್ಯಾಪಾರಿಯೊಬ್ಬರು ಕೆಲವು ಚಿತ್ರಕಾರರನ್ನು ಕರೆದುಕೊಂಡು ಹೋಗಿ ಅಲ್ಲಿ ಕೆಲಸ ಶುರು ಮಾಡಿದರು. ಈಗ ಊರಿಗೆ ಊರೇ ಎಣ್ಣೆ ಬಣ್ಣದ ಮೇಲೆ ನಿಂತಿದೆ. ಅಲ್ಲಿನ ಕೆಲಸಗಾರರನ್ನು ಹಗುರವಾಗಿ ನೋಡಬೇಡಿ. ಒಬ್ಬೊಬ್ಬರು ವ್ಯಾನ್ ಗಾಗ್ ಚಿತ್ರಗಳನ್ನು ಸಾವಿರಗಟ್ಟಲೆ ಸಲ ಬರೆದಿದ್ದಾರೆ, ಕಣ್ಣು ಮುಚ್ಚಿ ಬರೆಯುತ್ತಾರೆ. ತೊಂದರೆ ಇರುವುದು ಅಪರೂಪಕ್ಕೆ ಆರ್ಡರ್ ಬರುವ ಚಿತ್ರಗಳಲ್ಲಿ. ಸಖಾರೋಫ್‌ನನ್ನು ಆ ಕೈ ಮೊದಲ ಸಲ ನೋಡುತ್ತಿರುತ್ತದೆ, ಅದೂ ಒಂದು ಸಣ್ಣ ಫೋಟೋದಲ್ಲಿ.

ನನಗೆ ಬಂದದ್ದು ಎಲ್ಲಿ ತಯಾರಾದದ್ದು ಅಂತ ಮಾರಿದವರು ಹೇಳಲಿಲ್ಲ. ಕೊಳವೆ ಬಿಚ್ಚಿ ಹಾಸಿದಾಗ ಮೊದಲು ಖುಷಿಯೇ ಆಯಿತು. ಬಣ್ಣ ನಿಜ, ಎಣ್ಣೆ ವಾಸನೆ ನಿಜ. ಆಮೇಲೆ ಹತ್ತಿರ ಕೂತು ಕಣ್ಣು ನೋಡಿದೆ.

ಮೂಲದಲ್ಲಿ ಕಣ್ಣಿನ ಕಪ್ಪು ಗೆರೆ ಒಂದೇ ಎಳೆತದ್ದು. ಕುಂಚ ಇಟ್ಟ ಕಡೆ ದಪ್ಪ, ಎತ್ತಿದ ಕಡೆ ತೆಳು. ನನ್ನ ನಕಲಿನಲ್ಲಿ ಅದೇ ಗೆರೆಯನ್ನು ನಾಲ್ಕು ಸಲ ಸಣ್ಣ ಕುಂಚದಲ್ಲಿ ಜೋಡಿಸಿದ್ದರು. ಕೈ ನಡುಗದಂತೆ ಜೋಪಾನವಾಗಿ, ಎಳೆ ಮಗುವಿಗೆ ಕಾಡಿಗೆ ಹಚ್ಚುವ ಹಾಗೆ. ಗೆರೆ ಇರಬೇಕಾದ ಜಾಗದಲ್ಲೇ ಇತ್ತು, ಆದರೆ ಓಟ ಇರಲಿಲ್ಲ. ಕೆನ್ನೆಯ ಬಿಳಿಯನ್ನೂ ತಿಕ್ಕಿ ತಿಕ್ಕಿ ನಯ ಮಾಡಿದ್ದರು. ತುಟಿಯ ಓರೆನಗೆ, ಆ ಸ್ವಲ್ಪ ಕೆಟ್ಟ ನಗೆ, ಮದುವೆ ಆಲ್ಬಮ್‌ನ ನಗೆಯಾಗಿತ್ತು. ಅರ್ಧ ಗಂಟೆಯಲ್ಲಿ ಹುಟ್ಟಿದ ಚಿತ್ರವನ್ನು ನಾಲ್ಕೈದು ದಿನ ಕೂತು ಅಚ್ಚುಕಟ್ಟು ಮಾಡಿದರೆ ಹೀಗಾಗುತ್ತದೆ. ಕೆಲಸ ಕೆಟ್ಟದ್ದಲ್ಲ. ಅತಿ ಒಳ್ಳೆಯ ಕೆಲಸ, ಅದೇ ತಪ್ಪು.

ಇನ್ನೊಂದು ಎಡವಟ್ಟು ನನ್ನದೇ. ಕ್ಯಾಟಲಾಗ್‌ನಲ್ಲಿ 20 ಇಂಚು ಅಗಲ, 24 ಇಂಚು ಎತ್ತರ ಅಂತ ಸಿದ್ಧ ಅಳತೆಗಳಿದ್ದವು. ಮೂಲ ಹೆಚ್ಚುಕಡಿಮೆ ಚೌಕ. ಎರಡೂ ಪಕ್ಕ ಕತ್ತರಿಸಿ ಹೋಗಿತ್ತು, ಭುಜ ಇಕ್ಕಟ್ಟಿನ ಬಸ್ಸಿನಲ್ಲಿ ಸಿಕ್ಕಿಕೊಂಡ ಹಾಗಿತ್ತು. ಆರ್ಡರ್ ಕೊಡುವಾಗ ಉದ್ದ ಅಗಲ ನೀವೇ ಬರೆದು ಕೊಡಿ. ಸ್ಟ್ರೆಚರ್‌ಗೆ (ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟಿಗೆ) ಮಡಚಿ ಹೊಡೆಯಲು ಸುತ್ತಲೂ ಐದು ಸೆಂಟಿಮೀಟರ್ ಖಾಲಿ ಕ್ಯಾನ್ವಾಸ್ ಬಿಡಲು ಹೇಳಿ. ನನಗೆ ಬಿಟ್ಟಿದ್ದು ಒಂದು ಬೆರಳಷ್ಟು. ಫ್ರೇಮ್ ಅಂಗಡಿಯವರು ನೋಡಿ "ಸಾರ್, ಇದಕ್ಕೆ ಮೊಳೆ ಎಲ್ಲಿ ಹೊಡೀಲಿ?" ಅಂದರು.

ಎರಡನೆಯದು: ಪ್ರಿಂಟ್, ಮತ್ತು ಪ್ರಿಂಟ್ ಮೇಲಿನ ಮೇಕಪ್

ಪೋಸ್ಟರ್ ಬಗ್ಗೆ ಹೇಳೋದು ಜಾಸ್ತಿ ಇಲ್ಲ. ಬಾಡಿಗೆ ಮನೆ, ಹಾಸ್ಟೆಲ್ ರೂಮಿಗೆ ಸಾಕು. ಬಿಸಿಲು ಬಿದ್ದರೆ ಕೆಂಪು ಮೊದಲು ಹಾರಿಹೋಗುತ್ತದೆ.

ಜಿಕ್ಲೇ ಅಂತ ಕರೆಯುವುದು ಬೇರೆ. ಪಿಗ್ಮೆಂಟ್ ಶಾಯಿಯ ಒಳ್ಳೆ ಇಂಕ್‌ಜೆಟ್ ಪ್ರಿಂಟ್ ಅಷ್ಟೇ, ಹೆಸರು ಮಾತ್ರ ದೊಡ್ಡದು. ಕಾಗದದ ಮೇಲೂ ಆಗುತ್ತದೆ, ಕ್ಯಾನ್ವಾಸ್ ಮೇಲೂ ಆಗುತ್ತದೆ. ಗೆರೆ ಇದ್ದ ಹಾಗೇ ಬರುತ್ತದೆ, ಯಾರೂ ಅದನ್ನು ತಿದ್ದಿರುವುದಿಲ್ಲ. ಅದು ದೊಡ್ಡ ಲಾಭ. ನನ್ನ ಅಭಿಪ್ರಾಯ ಕೇಳಿದರೆ, ಕೆಟ್ಟ ಪೇಂಟಿಂಗ್‌ಗಿಂತ ಒಳ್ಳೆ ಪ್ರಿಂಟ್ ಸಾವಿರ ಪಾಲು ವಾಸಿ. ಕೈಯಲ್ಲಿ ಮಾಡಿದ್ದು ಅಂದ ಮಾತ್ರಕ್ಕೆ ಅದು ಮೇಲಾಗಿಬಿಡುವುದಿಲ್ಲ.

ಆದರೆ ಪ್ರಿಂಟ್ ಚಪ್ಪಟೆ. ಸಂಜೆ ಪಕ್ಕದ ಕಿಟಕಿಯಿಂದ ಬೆಳಕು ಬಿದ್ದಾಗ ಬಣ್ಣದ ಏರು ತನ್ನ ನೆರಳು ತಾನೇ ಹಾಕುತ್ತದಲ್ಲ, ಅದು ಪ್ರಿಂಟ್‌ನಲ್ಲಿ ಇಲ್ಲ. ಈ ಕೊರತೆ ಮುಚ್ಚಲು ಕೆಲವರು ಪ್ರಿಂಟ್ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗುರುತು ಮೂಡಿಸುತ್ತಾರೆ. ಆಮೇಲೆ ಅದನ್ನೇ ಕೈಕೆಲಸ ಅಂತ ಮಾರುತ್ತಾರೆ. ನಾನು ಎರಡನೇ ಸಲ ಟೋಪಿ ಹಾಕಿಸಿಕೊಂಡದ್ದು ಇಲ್ಲಿಯೇ.

ಕಂಡುಹಿಡಿಯೋದು ಸುಲಭ. ಮೊಬೈಲ್ ಟಾರ್ಚನ್ನು ಚಿತ್ರದ ಪಕ್ಕದಿಂದ, ಗೋಡೆಗೆ ಸವರಿಕೊಂಡ ಹಾಗೆ ಹಿಡಿಯಿರಿ. ಏರುತಗ್ಗು ಕಾಣುತ್ತದೆ. ಈಗ ಆ ಏರು ಬಣ್ಣದ ಜೊತೆ ಹೋಗುತ್ತಿದೆಯಾ ನೋಡಿ. ನನ್ನದರಲ್ಲಿ ಜೆಲ್‌ನ ಗೀರು ಕೆಂಪು ಬಟ್ಟೆಯಿಂದ ಶುರುವಾಗಿ ಹಿಂದಿನ ನೀಲಿಗೆ ನೇರ ದಾಟಿತ್ತು. ಒಂದೇ ಕುಂಚದ ಎಳೆತದಲ್ಲಿ ಅರ್ಧ ಕೆಂಪು, ಅರ್ಧ ನೀಲಿ ಹೇಗೆ ಬರುತ್ತದೆ? ಅದಾದ ಮೇಲೆ ಕ್ಯಾಮೆರಾವನ್ನು ಪೂರ್ತಿ ಜೂಮ್ ಮಾಡಿ ಬಿಳಿ ಕೆನ್ನೆ ನೋಡಿ. ಪ್ರಿಂಟ್ ಆದರೆ ರಾಗಿ ಹಿಟ್ಟು ಉದುರಿಸಿದ ಹಾಗೆ ಸಣ್ಣ ಚುಕ್ಕಿಗಳು ಸಿಗುತ್ತವೆ.

ದಿನದ ಲೆಕ್ಕವೂ ಸುಳಿವು ಕೊಡುತ್ತದೆ. ಎಣ್ಣೆ ಬಣ್ಣ ಮುಟ್ಟುವಷ್ಟು ಒಣಗಲು ಕೆಲವು ದಿನ, ದಪ್ಪ ಇದ್ದರೆ ವಾರಗಟ್ಟಲೆ ಬೇಕು. ಒಳಗೆ ಪೂರ್ತಿ ಒಣಗಲು ತಿಂಗಳುಗಳು. ಹಾಗಾಗಿಯೇ ವಾರ್ನಿಶ್‌ಗೆ ಆರು ತಿಂಗಳಾದರೂ ಕಾಯಬೇಕು ಅಂತ ಹಳಬರು ಹೇಳುವುದು. "ಎಣ್ಣೆ ಬಣ್ಣದ್ದೇ ಸಾರ್, ಮೂರು ದಿನದಲ್ಲಿ ಮನೆಗೆ" ಅಂದರೆ ಅದು ಅಕ್ರಿಲಿಕ್ (ನೀರಿನಲ್ಲಿ ಕಲೆಸುವ ಬಣ್ಣ) ಇರಬೇಕು, ಇಲ್ಲ ಪ್ರಿಂಟ್ ಇರಬೇಕು, ಇಲ್ಲ ಮೊದಲೇ ಮಾಡಿಟ್ಟದ್ದಿರಬೇಕು.

ಅಕ್ರಿಲಿಕ್ ಕೆಟ್ಟದ್ದು ಅಂತಲ್ಲ ಮತ್ತೆ. ಬೇಗ ಒಣಗುತ್ತದೆ, ಹಳದಿ ತಿರುಗುವುದು ಕಡಿಮೆ. ಆದರೆ ಈ ಚಿತ್ರದಲ್ಲಿ ಹಸಿ ಬಣ್ಣದ ಮೇಲೆ ಹಸಿ ಬಣ್ಣ ಬಿದ್ದು ಕಲೆಸಿಕೊಂಡ ಜಾಗಗಳಿವೆ. ಅಕ್ರಿಲಿಕ್ ಅಷ್ಟು ಹೊತ್ತು ಹಸಿಯಾಗಿ ಇರುವುದಿಲ್ಲ.

ಮೂರನೆಯದು: ಇಲ್ಲೇ ಒಬ್ಬರ ಕೈಯಲ್ಲಿ ಬರೆಸುವುದು

ಜನವರಿಯಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಚಿತ್ರಸಂತೆ ನಡೆಯುತ್ತದೆ, ಚಿತ್ರಕಲಾ ಪರಿಷತ್ತಿನವರದ್ದು. ಅಲ್ಲಿ ಓಡಾಡುವಾಗ ಒಬ್ಬ ಹುಡುಗಿ ಫುಟ್‌ಪಾತ್ ಮೇಲೆ ಕೂತು ಜನರ ಮುಖ ಬರೆಯುತ್ತಿದ್ದಳು. ಕಲಾ ಶಾಲೆಯಲ್ಲಿ ಓದುತ್ತಿದ್ದವಳು. ಹದಿನೈದು ನಿಮಿಷಕ್ಕೆ ಒಂದು ಮುಖ, ರಬ್ಬರ್ ಮುಟ್ಟುತ್ತಲೇ ಇರಲಿಲ್ಲ. ಇವಳೇ ಸರಿ ಅನ್ನಿಸಿತು. ನಕಲು ಮಾಡಿಸಲು ಜನ ಹುಡುಕೋದು ತದ್ವತ್ ಬರೆಯುವವರನ್ನು, ಫೋಟೋ ಥರ ಬರೆಯುವವರನ್ನು. ರವಿವರ್ಮರ ನಕಲಿಗೆ ಅದು ಸರಿ. ಯಾವ್ಲೆನ್‌ಸ್ಕಿಗೆ ಬೇಕಾದ್ದು ಧೈರ್ಯವಾಗಿ ಒಂದೇ ಏಟಿಗೆ ಗೆರೆ ಹಾಕುವವರು.

ಅವಳು ಮೊದಲೇ ಒಂದು ಷರತ್ತು ಹಾಕಿದಳು. "ಅಂಕಲ್, ಮಿಲಿಮೀಟರ್ ಲೆಕ್ಕದಲ್ಲಿ ಹಾಗೇ ಬರಲ್ಲ. ಕಣ್ಣು ಒಂಚೂರು ಆ ಕಡೆ ಈ ಕಡೆ ಆಗತ್ತೆ. ಪರವಾಗಿಲ್ವಾ?" ಪರವಾಗಿಲ್ಲ ಅಂದೆ. ಒಂದು ವಾರ ಪೇಪರ್ ಮೇಲೆ ಇದ್ದಿಲಿನಲ್ಲಿ ಬರೆದು ಬರೆದು ಕೈ ಕೂರಿಸಿಕೊಂಡಳು. ಎರಡು ಸಣ್ಣ ಟ್ರಯಲ್ ಮಾಡಿದಳು. ಆಮೇಲೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆಗೆ ರಟ್ಟಿನ ಬಣ್ಣದ ತೆಳು ಪ್ರೈಮರ್ ಹಚ್ಚಿ, ಅದರ ಮೇಲೆ ಒಂದೇ ಸಲ ಕೂತು ಮುಗಿಸಿದಳು. ಬರೀ ರಟ್ಟಿನ ಮೇಲೆ ನಾವು ಮಾಡಬಾರದು. ಎಣ್ಣೆ ಹೀರಿ ರಟ್ಟು ಕೆಡುತ್ತದೆ, ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ. ಆದರೆ ಆ ಹೊಳಪಿಲ್ಲದ ಒಣ ಮೈ ಬೇಕು. ಹಾಗಾಗಿ ಹಲಗೆ, ಹಾಗಾಗಿ ವಾರ್ನಿಶ್ ಬೇಕಿದ್ದರೂ ಮ್ಯಾಟ್ ಮಾತ್ರ.

ಬಣ್ಣದ್ದು ಇನ್ನೊಂದು ತಲೆನೋವು. ಇದೇ ಚಿತ್ರದ ಐದು ಫೋಟೋ ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಐದು ಕೆಂಪು ಸಿಗುತ್ತದೆ. ಒಂದರಲ್ಲಿ ಕುಂಕುಮ, ಇನ್ನೊಂದರಲ್ಲಿ ಟೊಮೆಟೊ. ಮ್ಯೂಸಿಯಂನದ್ದೇ ಫೋಟೋ ಹಿಡಿಯಿರಿ, ಅದನ್ನೇ ಒಂದು ಸಲ ಪ್ರಿಂಟ್ ಹಾಕಿಸಿ ಬರೆಯುವವರ ಕೈಗೆ ಕೊಡಿ. ಒಬ್ಬರ ಮೊಬೈಲ್ ಪರದೆಯ ಕೆಂಪು ಇನ್ನೊಬ್ಬರ ಪರದೆಯ ಕೆಂಪಲ್ಲ. ಬೇಕಾದರೆ ಮೊದಲು ನಾಲ್ಕು ಬಣ್ಣದ ಪಟ್ಟಿ ಮಾತ್ರ ಹಚ್ಚಿ ತೋರಿಸಲು ಕೇಳಿ. ಅಂದಹಾಗೆ ಮೂಲದ ಬಣ್ಣವೂ ಇದ್ದ ಹಾಗೇ ಇರುತ್ತದೆ ಅಂತಲ್ಲ. ಓಸ್ಲೋದಲ್ಲೇ ಇನ್ನೊಂದು ಮ್ಯೂಸಿಯಂನಲ್ಲಿರುವ 'ಚೀತ್ಕಾರ'ದ ಮತ್ತೊಂದು ಪ್ರತಿಯಲ್ಲಿ ಕ್ಯಾಡ್ಮಿಯಂ ಹಳದಿ ಬಿಳಿಚಿಕೊಂಡು ಉದುರುತ್ತಿದೆ. ಅದಕ್ಕೆ ಬೆಳಕಿಗಿಂತ ತೇವವೇ ದೊಡ್ಡ ಶತ್ರು ಅಂತ 2020ರಲ್ಲಿ ವಿಜ್ಞಾನಿಗಳು ಹೇಳಿದರು. ಕರಾವಳಿ, ಮಲೆನಾಡಿನ ಮನೆಗಳಿಗೂ ಇದೇ ಮಾತು ಹೇಳಬೇಕು. ಹೊರಗೋಡೆಯ ಒಳಮೈಗೆ ಚಿತ್ರ ತೂಗುಹಾಕಬೇಡಿ. ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ಚೂರು ಅಂಟಿಸಿ, ಗಾಳಿ ಆಡಲಿ. ಇಲ್ಲದಿದ್ದರೆ ಆಷಾಢ ಮುಗಿಯುವಷ್ಟರಲ್ಲಿ ಸಖಾರೋಫ್‌ಗೆ ಬೂಷ್ಟು ಹಿಡಿಯುತ್ತದೆ.

ಖರ್ಚು? ನನಗೆ ಪ್ರಿಂಟ್‌ಗೆ ಆದದ್ದರ ಮೂರರಷ್ಟಾಯಿತು, ಆನ್‌ಲೈನ್ ಪೇಂಟಿಂಗ್‌ಗಿಂತ ಸ್ವಲ್ಪ ಜಾಸ್ತಿ. ಟ್ರಯಲ್‌ಗಳ ಸಾಮಾನಿನ ದುಡ್ಡು ಬೇರೆ ಕೊಟ್ಟೆ, ಕೊಡಬೇಕು ಕೂಡ. ಕಾದದ್ದು ಹೆಚ್ಚುಕಡಿಮೆ ಎರಡು ತಿಂಗಳು. ಗೃಹಪ್ರವೇಶ ಮುಂದಿನ ವಾರ ಇದೆ ಅನ್ನುವವರು ಈ ದಾರಿ ಹಿಡಿಯಬೇಡಿ, ಒಳ್ಳೆ ಜಿಕ್ಲೇ ತಂದು ಹಾಕಿ.

ಹಕ್ಕು, ಸಹಿ

ನಮ್ಮ ದೇಶದಲ್ಲಿ ಕಲಾವಿದರು ತೀರಿಕೊಂಡ ಮೇಲೆ 60 ವರ್ಷ ಅವರ ಚಿತ್ರಗಳ ಹಕ್ಕು, ಅಂದರೆ ಕಾಪಿರೈಟ್, ಉಳಿಯುತ್ತದೆ. ಯಾವ್ಲೆನ್‌ಸ್ಕಿ ಹೋದದ್ದು 1941ರಲ್ಲಿ, ಮುಂಕ್ 1944ರಲ್ಲಿ, ಕಿರ್ಷ್ನರ್ 1938ರಲ್ಲಿ, ಶೀಲೆ 1918ರಲ್ಲಿ. ಇವರೆಲ್ಲರ ಚಿತ್ರ ಧಾರಾಳವಾಗಿ ಬರೆಸಬಹುದು. ಇದೇ ಪಂಥದ ಆಸ್ಟ್ರಿಯಾದ ಚಿತ್ರಕಾರ ಕೊಕೊಶ್ಕಾ ಮಾತ್ರ 1980ರವರೆಗೆ ಇದ್ದರು, ಹಾಗಾಗಿ 2040 ಮುಗಿಯುವ ತನಕ ಕೈ ಹಾಕಬೇಡಿ. ಜರ್ಮನಿಯಲ್ಲಿರುವ ಕನ್ನಡಿಗರು ಗಮನಿಸಿ, ಅಲ್ಲಿ 70 ವರ್ಷ. 1962ರಲ್ಲಿ ತೀರಿಕೊಂಡ ಜರ್ಮನ್ ಚಿತ್ರಕಾರ್ತಿ ಗೇಬ್ರಿಯೆಲ್ ಮ್ಯೂಂಟರ್ ಅವರ ಚಿತ್ರ ಇಲ್ಲಿ 2023ರಿಂದ ಮುಕ್ತ, ಅಲ್ಲಿ 2032 ಮುಗಿಯಬೇಕು. ಊರಿಂದ ಚಿತ್ರ ಸುತ್ತಿಕೊಂಡು ಹೋಗುವವರು ಬಣ್ಣದ ಮೈ ಹೊರಗೆ ಬರುವ ಹಾಗೆ, ದಪ್ಪ ಕೊಳವೆಗೆ ಸುತ್ತಿ. ಒಳಗೆ ಮಾಡಿ ಸುತ್ತಿದರೆ ಬಣ್ಣ ಮುದುರಿ ಬಿರುಕು ಬಿಡುತ್ತದೆ.

ಪ್ಯಾರಿಸ್‌ನ ಲೂವ್ರ್‌ನಲ್ಲಿ ಕೂತು ನಕಲು ಮಾಡಲು ಅನುಮತಿ ಕೊಡುತ್ತಾರೆ, ಆದರೆ ನಕಲು ಮೂಲಕ್ಕಿಂತ ಐದನೇ ಒಂದು ಪಾಲು ದೊಡ್ಡದೋ ಚಿಕ್ಕದೋ ಇರಬೇಕು, ಮೂಲದ ಸಹಿ ಹಾಕುವಂತಿಲ್ಲ. ಮನೆಗೆ ಅಳತೆಯ ನಿಯಮ ಬೇಕಿಲ್ಲ, ಸಹಿಯದ್ದು ಮಾತ್ರ ಪಾಲಿಸಿ. ಮುಂದೆ ಯಾರ ಕೈ ಸೇರುತ್ತದೋ, ಅಸಲಿ ಅಂತ ಯಾರೂ ಮಾರುವ ಹಾಗೆ ಆಗಬಾರದು.

ನಮ್ಮ ಸಖಾರೋಫ್‌ನ ಮುಂದೆ ಸಹಿ ಇಲ್ಲ. ಹಲಗೆಯ ಹಿಂದೆ ಆ ಹುಡುಗಿ ಪೆನ್ಸಿಲ್‌ನಲ್ಲಿ ಬರೆದಿದ್ದಾಳೆ: "ಯಾವ್ಲೆನ್‌ಸ್ಕಿ ಚಿತ್ರ ನೋಡಿ ಬರೆದದ್ದು. 40 ನಿಮಿಷ." ಅದರ ಕೆಳಗೆ ತನ್ನ ಹೆಸರು. ಕಣ್ಣು ನಿಜವಾಗಿಯೂ ಒಂಚೂರು ಆ ಕಡೆ ಹೋಗಿದೆ. ಚಿಕ್ಕಮ್ಮ ಹೊರಡುವ ಮುಂಚೆ ಇನ್ನೊಮ್ಮೆ ಎದುರಿಗೆ ನಿಂತು ನೋಡಿದರು. "ಬಣ್ಣ ಹಚ್ಚಿ ಆಯ್ತ್ ಇವಂಗೆ, ಕಿರೀಟ ಕಟ್ಟೂಕೆ ಬಾಕಿ" ಅಂದರು.